ಭಾನುವಾರ ನಾಲ್ಕು ಗಂಟೆ, ಒಂದು ಡಬರಿ ಚುರುಮುರಿ

ಕಳೆದ ವರ್ಷ ಒಂದು ದಿನ ಸುಮ್ನೆ ವಾಟ್ಸಾಪ್‌ನಲ್ಲಿ ಕೇಳಿದೆ, ತಿಂಗಳಿಗೊಂದು ಪುಸ್ತಕ ಓದಿ ನಮ್ಮನೆಯಲ್ಲಿ ಕೂತು ಮಾತಾಡೋಣವಾ ಅಂತ. ಐದು ಜನ ಹೆಬ್ಬೆರಳು ಎತ್ತಿದರು. ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ಹಾಗಾಗಿ ಮೊದಲ ಪುಸ್ತಕ ಕುವೆಂಪು ಅವರದ್ದೇ ಆಗಬೇಕು ಎಂದು ಯಾರೋ ಅಂದರು. ಆ ಯಾರೋ ನಾನೇ. 'ಮಲೆಗಳಲ್ಲಿ ಮದುಮಗಳು', 1967ರ ಕಾದಂಬರಿ, 700ಕ್ಕೂ ಜಾಸ್ತಿ ಪುಟ. ಕೊಟ್ಟ ಟೈಮು ಒಂದು ತಿಂಗಳು!

ಮುಗಿಸಿಕೊಂಡು ಬಂದವರು ಸೊನ್ನೆ. ನಾನೂ ಸೇರಿ. ಒಬ್ಬ ಮಾತ್ರ ಕಾದಂಬರಿಯಲ್ಲಿ ಬರುವ ನಾಯಿಗುತ್ತಿ, ಅವನ ನಾಯಿ ಹುಲಿಯ ಎಂದು ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದ, ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದೆವು. ಕೊನೆಗೆ ಎಷ್ಟು ದಿನದಲ್ಲಿ ಓದಿದೆ ಎಂದರೆ, 2010ರಲ್ಲಿ ರಂಗಾಯಣದವರು ರಾತ್ರಿಯಿಡೀ ಆಡಿದ ನಾಟಕ ನೋಡಿದ್ದಂತೆ, ಪುಸ್ತಕ ಮುಟ್ಟಿಯೇ ಇಲ್ಲ. "ಒಂಬತ್ತು ಗಂಟೆ ಕೂತಿದ್ದೀನಿ ಕಣ್ರೋ, ಅದೂ ಓದಿದ ಹಾಗೇ ಅಲ್ವಾ?" ಏನು ಹೇಳೋದು.

ಇನ್ನೊಂದು ಎಡವಟ್ಟು ತಿಂಡಿಯದು. ನಾನು ಕೇಸರಿಬಾತು, ಬೋಂಡಾ ಮಾಡಿದೆ. ಆಮೇಲೆ ಒಂದೊಂದು ಸಲ ಒಬ್ಬೊಬ್ಬರ ಮನೆ ಎಂದಾಯಿತು, ಮುಂದಿನ ಸರದಿಯವರು ಬಿಸಿಬೇಳೆ ಬಾತ್ ಜೊತೆ ಹೋಳಿಗೆ ಇಟ್ಟರು. ಮೂರನೆಯವಳು ಹೆದರಿ ಎರಡು ಸಲ ಡೇಟು ಮುಂದೂಡಿದಳು. ಓದದೆ ಬಂದವರಿಗೆ ಆಗದ ನಾಚಿಕೆ ತಿಂಡಿ ಕಮ್ಮಿ ಮಾಡಿದವರಿಗೆ ಆಗುತ್ತಿತ್ತು. ಆಮೇಲೆ ಗಲಾಟೆ ಮಾಡಿಯೇ ತೀರ್ಮಾನಿಸಿದೆವು: ಚುರುಮುರಿ, ಕಾಫಿ, ಅಷ್ಟೇ. ಪುಸ್ತಕವೂ ಸಣ್ಣದೇ ಇರಬೇಕು.

ಸಣ್ಣದು ಅಂದುಕೊಂಡೇ ದೇವನೂರ ಮಹಾದೇವರ 'ಕುಸುಮಬಾಲೆ' ತೆಗೆದುಕೊಂಡೆವು. 1984ರಲ್ಲಿ ಬಂದದ್ದು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ತೆಳ್ಳಗಿದೆ ಸರಿ, ಆದರೆ ನಂಜನಗೂಡಿನ ಕಡೆಯ ಆಡುಮಾತು. ಶಿವಮೊಗ್ಗದಲ್ಲಿ ಬೆಳೆದ ನನಗೆ ಒಂದು ಪುಟಕ್ಕೆ ಮೂರು ಸಲ ಕಣ್ಣಾಡಿಸಿದರೂ ತಲೆಬುಡ ಗೊತ್ತಾಗಲಿಲ್ಲ. ಇದು ಕನ್ನಡವೇ ಹೌದಾ ಎಂದು ಗ್ರೂಪಿನಲ್ಲಿ ಹಾಕಿಯೂ ಬಿಟ್ಟೆ, ಈಗ ನೆನೆಸಿಕೊಂಡರೆ ಮುಜುಗರ.

ಆ ಭಾನುವಾರ ನಂಜನಗೂಡು ಕಡೆಯ ಗೆಳೆಯ, ಅದುವರೆಗೆ ಬಂದು ಮೂಲೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದವನು, ಪುಸ್ತಕ ಎಳೆದುಕೊಂಡು ಗಟ್ಟಿಯಾಗಿ ಓದಲು ಶುರು ಮಾಡಿದ. ಅರ್ಥ ಹೇಳಲಿಲ್ಲ, ಸುಮ್ಮನೆ ಓದಿದ, ಅವರ ಮನೆಯಲ್ಲಿ ಮಾತಾಡುವ ಹಾಗೆ. ಎರಡು ಪುಟ ಆಗುವಷ್ಟರಲ್ಲಿ ಕಣ್ಣಿಗೆ ಸಿಗದಿದ್ದದ್ದು ಕಿವಿಗೆ ಸಿಗತೊಡಗಿತು. ರಾತ್ರಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಜೀವಗಳು, ಒಂದು ಕಡೆ ಸೇರಿ ಅವರವರ ಮನೆ ಸುದ್ದಿ ಹೇಳಿಕೊಳ್ಳುವುದು ಬರುತ್ತಲ್ಲ, ಅಲ್ಲಿಗೆ ಬಂದಾಗ ಯಾರೂ ಚುರುಮುರಿಗೆ ಕೈ ಹಾಕಲಿಲ್ಲ. ಮೆತ್ತಗಾಗಿ ಹೋಯಿತು ಅದು, ಪಾಪ.

ನಡುವೆ ಒಂದು ಪದ ಅವನಿಗೂ ತಿಳಿಯಲಿಲ್ಲ. ಅಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಆ ಸಾಲು ಓದಿದ. ಅವರು ಅರ್ಥ ಹೇಳಿ, ಒಂದು ನಿಮಿಷ ಸುಮ್ಮನಿದ್ದು, "ನಾವ್ ಮಾತಾಡದೇ ಅಲ್ವಾ ಇದು, ಇದ್ನೂ ಪುಸ್ತಕ ಮಾಡವ್ರಾ?" ಅಂದರು. ಆಮೇಲೆ, "ಇನ್ನೊಸಿ ಓದು."

ಫೋನ್ ಮುಕ್ಕಾಲು ಗಂಟೆ ಇಡಲಿಲ್ಲ. ಮುಂದಿನ ತಿಂಗಳು ನಂಜನಗೂಡಿನ ದೊಡ್ಡ ಜಾತ್ರೆ, ಬೆಳಿಗ್ಗೆ ತೇರು ನೋಡಿಕೊಂಡು ನಮ್ಮನೆಗೇ ಬನ್ನಿ ಎಂದಿದ್ದಾರೆ. ತಿಂಡಿಗೆ ಚುರುಮುರಿ ಮಾತ್ರ ಎಂಬ ನಿಯಮವನ್ನು ಅವರಿಗೆ ಯಾರು ಹೇಳಬೇಕೋ ಇನ್ನೂ ತೀರ್ಮಾನವಾಗಿಲ್ಲ.