ಮಡಕೆಯ ಕೆಳಗೆ ನಾಲ್ಕು ಪದ

1994ರ ಜೂನ್. ಹೊರಗೆ ಜಡಿಮಳೆ. ನಮ್ಮ ಶಾಲೆಯ ಬಾಲವಾಡಿಯಲ್ಲಿ ಚಾಪೆ ಮೇಲೆ ಕೂತಿದ್ದ ನಮ್ಮಲ್ಲಿ ಅರ್ಧ ಮಕ್ಕಳು ಅಳುತ್ತಿದ್ದರು. ನನಗೆ ತುಳು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೊಂಕಣಿ ಹುಡುಗಿ, ಹಿಂದೆ ಬ್ಯಾರಿ ಭಾಷೆಯ ಹುಡುಗ. ಟೀಚರ್ ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಮಂಗಳೂರಿಗೆ ಬಂದು ವರ್ಷವೂ ಆಗಿರಲಿಲ್ಲ.

ಕೊಂಕಣಿ ಹುಡುಗಿ "ಉದಾಕ್, ಉದಾಕ್" ಅಂತ ಅತ್ತಳು. ಟೀಚರ್‌ಗೆ ಕೇಳಿಸಿದ್ದು ಅವರ ಊರಿನ "ಊದಾಕ", ಅಂದರೆ ಊದುವುದಕ್ಕೆ. "ಊದಾಕ ಬೇಕೇನು ನಿಂಗ? ತಡಿ" ಎಂದು ತೆಂಗಿನ ಗರಿಯ ಪೀಪಿ ಮಾಡಿ ಕೈಗಿಟ್ಟರು. ಅವಳ ಅಳು ಇನ್ನೂ ಜಾಸ್ತಿಯಾಯಿತು. ಬಾಗಿಲಲ್ಲಿದ್ದ ಆಯಾ ಹೇಳಿದರು: "ಟೀಚರ್ರೇ, ಬಾಲೆಗ್ ನೀರ್ ಬೋಡುಗೆ." ಅವರು ಹೇಳಿದ್ದು ತುಳುವಿನಲ್ಲಿ. "ನೀರ್" ಅನ್ನೋದು ಮಾತ್ರ ಟೀಚರ್‌ಗೆ ಅರ್ಥವಾಯಿತು, ಸಾಕಾಯಿತು.

ಮರುದಿನ ಗೋಡೆಯ ಮೇಲೆ ಸೀಮೆಸುಣ್ಣದ ಮಡಕೆ ಮೂಡಿತ್ತು. ಕೆಳಗೆ ನಾಲ್ಕು ಪದ: ಕನ್ನಡದ ನೀರು, ತುಳುವಿನ ನೀರ್, ಕೊಂಕಣಿಯ ಉದಾಕ್, ಬ್ಯಾರಿಯ ತನ್ನಿ. ನಮ್ಮ ಕಡೆ ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಾರಲ್ವಾ, ಹಾಗಾಗಿ ಅಕ್ಷರ ಕಲಿತ ಮೇಲೆ ನಾಲ್ಕನ್ನೂ ಓದಿದೆವು. ಆ ಬ್ಯಾರಿ ಹುಡುಗ ತಿಂಗಳುಗಟ್ಟಲೆ ಮಾತಾಡದೆ ಕೂತವನು. ಟೀಚರ್ "ತನ್ನಿ" ಅಂದ ದಿನ ತಲೆಯೆತ್ತಿ ಅವರನ್ನೇ ನೋಡಿದ. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಕರಾವಳಿಯ ಕ್ರೈಸ್ತರ ಹೊಸ ತೆನೆಯ ಹಬ್ಬ, ಕಳೆದ ಮೇಲೆ ಕೊಂಕಣಿ ಹುಡುಗಿ ಚರ್ಚಿನಿಂದ ತಂದ ಭತ್ತದ ತೆನೆ ತೋರಿಸಿದಳು. "ನಮ್ಮ ಮನೆ ಬಾಗಿಲಿಗೂ ಕುರಲ್ ಕಟ್ಟುತ್ತಾರೆ" ಎಂದೆ ನಾನು. ತುಳುವಿನಲ್ಲಿ ಕುರಲ್ ಅಂದರೆ ತೆನೆ. ಟೀಚರ್ ಅವರ ಊರಿನ ಎಳ್ಳ ಅಮಾವಾಸ್ಯೆ, ಹೊಲದಲ್ಲಿ ಚರಗ ಚೆಲ್ಲುವುದನ್ನು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಎರಚುವುದನ್ನು, ಹೇಳಿದರು. ನಾವು ಬಾಯಿ ತೆರೆದು ಕೇಳಿದೆವು.

ಮುಂದೆ ಬೇರೊಂದು ಶಾಲೆಗೆ ಸೇರಿದಾಗ ತುಳು ಮಾತಾಡಿದರೆ ಒಂದು ರೂಪಾಯಿ ದಂಡ. ಒಂದಿಡೀ ವರ್ಷ ನಾನು ತರಗತಿಯಲ್ಲಿ ಕೈ ಎತ್ತಲಿಲ್ಲ. ಹೈಸ್ಕೂಲಿನಲ್ಲಿ ತುಳುವನ್ನು ಮೂರನೇ ಭಾಷೆಯಾಗಿ ಕಲಿಯುವ ಅವಕಾಶ ಆಮೇಲೆ ಬಂತು, ಸಂತೋಷವೇ. ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಿ ಎಂದು 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಮನೆಮಾತು ಇದ್ದಾಗ ಏನು ಮಾಡಬೇಕು ಅನ್ನೋದನ್ನು ನನಗೆ ತೋರಿಸಿದ್ದು ಆ ಗೋಡೆ. ಮೂರು ವರ್ಷದ ಮಗುವಿಗೆ ಬಾಯಾರಿದ್ದು ಈಗಲೇ. ಅದು ಕನ್ನಡ ಕಲಿಯುವವರೆಗೆ ಕಾಯೋಕಾಗಲ್ಲ.

ಈಗ ನಾನೇ ಅಂಗನವಾಡಿ ಟೀಚರ್. ನನ್ನ ಗೋಡೆಯಲ್ಲೂ ಮಡಕೆ ಇದೆ. ಕಟ್ಟಡ ಕೆಲಸಕ್ಕೆ ಒಡಿಶಾದಿಂದ ಬಂದವರ ಮಗಳು ಈ ವರ್ಷ ಸೇರಿದ್ದಾಳೆ. ಅವಳ ಅಮ್ಮನನ್ನು ಕೇಳಿ ಐದನೇ ಪದ ಬರೆದೆ: ಪಾಣಿ. ನಿನ್ನೆ ನಮ್ಮ ತುಳು ಹುಡುಗನೊಬ್ಬ ಲೋಟ ತುಂಬಿಸಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅವಳ ಮುಂದೆ ನಿಂತು "ಪಾಣಿ ಬೋಡಾ?" ಎಂದು ಕೇಳುತ್ತಿದ್ದ.