ಬಾಂಬಿಗೂ ಒಂದು ಚೀಟಿ
ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ತೂಕದ ಚೀಟಿ ಇರೋ ಹಾಗೆ ಬಾಂಬಿಗೂ ಒಂದು ಚೀಟಿ ಇದೆ: ಅಂತಿಮ ಬಳಕೆದಾರರ ಪ್ರಮಾಣಪತ್ರ. ಏನು, ಎಷ್ಟು, ಯಾವ ಸೇನೆಗೆ, ಮಾರಿದವರನ್ನು ಕೇಳದೆ ಬೇರೆ ದೇಶಕ್ಕೆ ದಾಟಿಸಲ್ಲ ಅಂತ ಕೊಳ್ಳುವ ಸರ್ಕಾರ ಸಹಿ ಹಾಕುತ್ತೆ. ಎಡವಟ್ಟು ಇಲ್ಲೇ. ಮಾಲು ಯಾರ ಕೈ ಸೇರುತ್ತೆ ಅಂತ ಕೇಳುತ್ತೆ, ಯಾರ ತಲೆ ಮೇಲೆ ಬೀಳುತ್ತೆ ಅನ್ನೋದಕ್ಕೆ ಅದರಿಂದ ಉತ್ತರ ಸಿಗಲ್ಲ.

2014ರ ಡಿಸೆಂಬರ್ 24ಕ್ಕೆ ಜಾರಿಗೆ ಬಂದ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ 7ನೇ ವಿಧಿ ಪ್ರಕಾರ ಆ ಅಪಾಯವನ್ನು ಮಾರುವವರೇ ಮೊದಲು ತೂಗಬೇಕು. ಬ್ರಿಟನ್ ಸೌದಿಗೆ ಮಾರುವಾಗ, ಯೆಮನ್‌ನ ಮೇಲೆ ಸೌದಿ ಹಿಂದೆ ನಡೆಸಿದ ದಾಳಿಗಳು ಕಾನೂನು ಮೀರಿದ್ದವಾ ಅಂತ ತೀರ್ಮಾನಿಸಿಯೇ ಇರಲಿಲ್ಲ. 2019ರಲ್ಲಿ ಅಲ್ಲಿನ ಕೋರ್ಟು ಅದು ತಪ್ಪು ಅಂದಿತು. 2020ರಲ್ಲಿ ಅಲ್ಲಿನ ಸರ್ಕಾರ ‘ಅವು ಬಿಡಿ ಘಟನೆಗಳು’ ಅಂತ ಹೇಳಿ ಮತ್ತೆ ಲೈಸೆನ್ಸ್ ಶುರು! ನಮ್ಮ ದೇಶ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಸೇನೆಗಾಗಿ ಮಾಡಿದ ಡ್ರೋನ್ ಹಾರಿಸಿ ನೋಡುವ ಬಯಲು ಮಾತ್ರ ಇಲ್ಲೇ, ಚಳ್ಳಕೆರೆ ಹತ್ತಿರ.