ಇನ್ಯೋ ಕೌಂಟಿಗೆ ಹೋಗುವವರಿಗೆ: ದುಬಾರಿ ರೂಮು, ಬತ್ತಿದ ಕೆರೆ, ಒಳ್ಳೆ ಬುರಿಟೊ

ಕ್ಯಾಲಿಫೋರ್ನಿಯಾದ ಇನ್ಯೋ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಲೋನ್ ಪೈನ್ ಎಂಬ ಪುಟ್ಟ ಊರಿದೆ, ಅಲ್ಲಿ ಒಂದು ರಾತ್ರಿಗೆ ಮುನ್ನೂರು ಡಾಲರ್ ಹತ್ತಿರ ಕೊಟ್ಟೆವು. ಕಿಟಕಿ ತೆಗೆದರೆ ಹೆದ್ದಾರಿ, ಲಾರಿಗಳ ಸದ್ದು. ಹೀಟರ್ ರಾತ್ರಿಯಿಡೀ ಗಡಗಡ ಅನ್ನುತ್ತಿತ್ತು. ಬಿಸಿನೀರು ಮೊದಲು ಸ್ನಾನಕ್ಕೆ ಹೋದವರಿಗೆ ಮಾತ್ರ. ಉಚಿತ ತಿಂಡಿ ಅಂತ ಇದ್ದದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಫಿನ್ನು. ಹಾಸನದಿಂದ ಬಂದಿದ್ದ ಅಮ್ಮ ಬಿಲ್ ನೋಡಿ, "ಈ ದುಡ್ಡಿಗೆ ನಮ್ಮಲ್ಲಿ ಎರಡು ತಿಂಗಳ ಮನೆ ಬಾಡಿಗೆ ಕಟ್ಟಬಹುದಿತ್ತಲ್ಲೋ" ಅಂದರು.

ಇಷ್ಟೊಂದು ಖಾಲಿ ಜಾಗ ಇರುವ ಕಡೆ ರೂಮಿಗೆ ಯಾಕೆ ಇಷ್ಟು ಬರ? ಇನ್ಯೋ ಕೌಂಟಿಯ ವಿಸ್ತೀರ್ಣ ಹತ್ತಿರ ಹತ್ತಿರ 26,500 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಯ ಹೆಚ್ಚುಕಡಿಮೆ ಎರಡರಷ್ಟು. 2020ರ ಜನಗಣತಿಯಲ್ಲಿ ಅಲ್ಲಿದ್ದ ಜನ ಮಾತ್ರ ಸುಮಾರು 19,000. ಜಾಗ ಇದೆ, ಆದರೆ ಅದು ಅಲ್ಲಿನವರದ್ದಲ್ಲ. ಬಹುಪಾಲು ಕೇಂದ್ರ ಸರ್ಕಾರದ ಕೈಲಿದೆ. ಕಣಿವೆಯಲ್ಲಿ ನೀರಿರುವ, ಮನೆ ಕಟ್ಟಬಹುದಾದ ನೆಲದ ದೊಡ್ಡ ಪಾಲು ಇನ್ನೂರು ಮೈಲಿ ದೂರದ ಲಾಸ್ ಏಂಜಲೀಸ್ ನಗರದ್ದು! ಖಾಸಗಿ ಜಮೀನು ನೂರಕ್ಕೆ ಎರಡರಷ್ಟೂ ಇಲ್ಲ. ಊರು ಬೆಳೆಯುವುದಕ್ಕೇ ಜಾಗ ಇಲ್ಲ ಅಂದಮೇಲೆ ಹೊಸ ಹೋಟೆಲ್ ಎಲ್ಲಿ ಏಳಬೇಕು? ಇರುವ ಬೆರಳೆಣಿಕೆಯ ಮೋಟೆಲ್‌ಗಳು ಬಾಯಿಗೆ ಬಂದ ರೇಟು ಹೇಳುತ್ತವೆ.

ಅದಕ್ಕೇ ಎರಡು ವಾರಾಂತ್ಯಗಳನ್ನು ಬಿಟ್ಟುಬಿಡಿ. ಮೇ ಕೊನೆಯ ಮೆಮೋರಿಯಲ್ ಡೇ ರಜೆಯಲ್ಲಿ ಬಿಷಪ್ ಊರಲ್ಲಿ ಹೇಸರಗತ್ತೆಗಳ ಜಾತ್ರೆ ಇರುತ್ತದೆ, ಮ್ಯೂಲ್ ಡೇಸ್ ಅಂತ. ಅಕ್ಟೋಬರ್‌ನ ಕೊಲಂಬಸ್ ಡೇ ಹೊತ್ತಿಗೆ ಲೋನ್ ಪೈನ್‌ನಲ್ಲಿ ಸಿನಿಮಾ ಉತ್ಸವ. ನಾವು ಸಿಕ್ಕಿಕೊಂಡದ್ದು ಈ ಎರಡನೆಯದರಲ್ಲಿ. ವಾರದ ಮಧ್ಯೆ ಹೋಗಲು ಆಗುವವರು ಹಾಗೇ ಹೋಗಿ. ಜನಜಂಗುಳಿ ಕಂಡರೆ ನನಗೆ ಆಗುವುದಿಲ್ಲ, ಹಾಗಾಗಿ ಇದನ್ನು ಸ್ವಲ್ಪ ಜಾಸ್ತಿಯೇ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು, ಮ್ಯಾಪ್ ನೋಡಿ ಮೋಸ ಹೋಗಬೇಡಿ. ಫ್ರೆಸ್ನೋದಿಂದ ಬಿಷಪ್ ಪಕ್ಕದಲ್ಲೇ ಇರುವ ಹಾಗೆ ಕಾಣುತ್ತದೆ. ಮಧ್ಯೆ ಸಿಯೆರಾ ನೆವಾಡಾ ಪರ್ವತ ಸಾಲು ನಿಂತಿದೆ, ನೇರ ದಾಟುವ ರಸ್ತೆಯೇ ಇಲ್ಲ. ಉತ್ತರಕ್ಕೆ ಯೊಸೆಮಿಟಿಯ ಟಿಯೋಗಾ ಘಾಟಿಯಿಂದ ಬರಬೇಕು, ಇಲ್ಲವೇ ದಕ್ಷಿಣಕ್ಕೆ ಇಳಿದು ಸುತ್ತಿ ಬರಬೇಕು. ಟಿಯೋಗಾ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆವರೆಗೆ, ಕೆಲವು ವರ್ಷ ಇನ್ನೂ ತಡ. ಲಾಸ್ ಏಂಜಲೀಸ್ ಕಡೆಯಿಂದ ಬರುವವರಿಗೆ ಈ ತಾಪತ್ರಯ ಇಲ್ಲ. 14ನೇ ಹೆದ್ದಾರಿ ಹಿಡಿದು 395ಕ್ಕೆ ಸೇರಿದರೆ ಮೂರೂವರೆ ಗಂಟೆ ಚಿಲ್ಲರೆಯಲ್ಲಿ ಲೋನ್ ಪೈನ್. 395ರಲ್ಲಿ ಗಂಟೆಗೆ 65 ಮೈಲಿಯ ವೇಗದ ಮಿತಿ ಊರೊಳಗೆ ಬಂದ ಕೂಡಲೇ 25ಕ್ಕೆ ಇಳಿಯುತ್ತದೆ. ಪೊಲೀಸರು ಅಲ್ಲೇ ಕಾಯುತ್ತಿರುತ್ತಾರೆ.

ಲಾಸ್ ಏಂಜಲೀಸ್‌ಗೆ ಇಲ್ಲಿ ಜಮೀನು ಬಂದದ್ದು ನೀರಿಗಾಗಿ. 1905ರ ಹೊತ್ತಿಗೆ ಆ ನಗರದ ಮಾಜಿ ಮೇಯರ್ ಫ್ರೆಡ್ ಈಟನ್ ಈ ಓವೆನ್ಸ್ ಕಣಿವೆಗೆ ಬಂದು ರೈತರ ಹೊಲ, ನದಿ ದಂಡೆ ಎಲ್ಲ ಖರೀದಿಗೆ ಕರಾರು ಮಾಡಿಕೊಂಡ. ಕೇಂದ್ರದವರು ಇಲ್ಲೇ ಒಂದು ನೀರಾವರಿ ಯೋಜನೆ ಮಾಡುತ್ತಾರೆ, ಇವನೂ ಅದರ ಕಡೆಯವನೇ ಅಂತ ರೈತರು ನಂಬಿದ್ದರು. ಆಮೇಲೆ ಗೊತ್ತಾದದ್ದು ಬೇರೆ. ವಿಲಿಯಂ ಮುಲ್‌ಹಾಲೆಂಡ್ ಎಂಬ ಇಂಜಿನಿಯರ್ 233 ಮೈಲಿ ಉದ್ದದ ಕಾಲುವೆ ಕಟ್ಟಿಸಿದ. ಒಂದು ಪಂಪೂ ಇಲ್ಲ, ಇಳಿಜಾರಿನಲ್ಲೇ ನೀರು ಹರಿದು 1913ರ ನವೆಂಬರ್‌ನಲ್ಲಿ ನಗರ ಮುಟ್ಟಿತು. ಕೆಲಸ ಮೆಚ್ಚಲೇಬೇಕು, ಅದು ಬೇರೆ ಮಾತು.

1924ರ ನವೆಂಬರ್‌ನಲ್ಲಿ ಊರವರು ಲೋನ್ ಪೈನ್ ಹತ್ತಿರದ ಅಲಬಾಮಾ ಗೇಟ್ಸ್ ಎಂಬ ತೂಬಿಗೆ ನುಗ್ಗಿ, ಗೇಟು ಎತ್ತಿ, ನೀರನ್ನೆಲ್ಲ ಹಳೆ ನದಿಗೆ ಬಿಟ್ಟರು. ನಾಲ್ಕು ದಿನ ಅಲ್ಲೇ ಠಿಕಾಣಿ. ಹೆಂಗಸರು ಮಕ್ಕಳು ಊಟ ಹೊತ್ತು ತಂದರು. ಹತ್ತಿರದಲ್ಲೇ ಶೂಟಿಂಗ್ ಮಾಡುತ್ತಿದ್ದ ನಟ ಟಾಮ್ ಮಿಕ್ಸ್ ತನ್ನ ವಾದ್ಯದವರನ್ನು ಕಳಿಸಿಕೊಟ್ಟನಂತೆ. ಆಮೇಲೆ ಕಾಲುವೆಗೆ ಡೈನಮೈಟ್ ಇಡುವುದೂ ನಡೆಯಿತು. ಹೋರಾಟಕ್ಕೆ ಮುಂದೆ ನಿಂತಿದ್ದ ವಾಟರ್ಸನ್ ಸಹೋದರರ ಬ್ಯಾಂಕುಗಳು 1927ರಲ್ಲಿ ಮುಳುಗಿದವು. ದುಡ್ಡು ದುರುಪಯೋಗದ ಮೇಲೆ ಅಣ್ಣತಮ್ಮ ಇಬ್ಬರೂ ಜೈಲಿಗೆ ಹೋದರು. ಊರವರ ಉಳಿತಾಯವೂ ಹೋಯಿತು, ಹೋರಾಟವೂ ಮುಗಿಯಿತು.

ಇದೆಲ್ಲ ಗೊತ್ತಿದ್ದು ಓವೆನ್ಸ್ ಕೆರೆಯ ಕಡೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. 1872ರಲ್ಲಿ ಈ ಕೆರೆಯ ಮೇಲೆ ಬೆಸ್ಸಿ ಬ್ರೇಡಿ ಎಂಬ ಉಗಿಹಡಗು ಓಡಾಡುತ್ತಿತ್ತು. ಬೆಟ್ಟದ ಮೇಲಿನ ಸೆರೋ ಗೋರ್ಡೋ ಗಣಿಯಿಂದ ಬಂದ ಬೆಳ್ಳಿ-ಸೀಸದ ಗಟ್ಟಿಗಳನ್ನು ಆಚೆ ದಡಕ್ಕೆ ಸಾಗಿಸುತ್ತಿತ್ತು. ನದಿ ನೀರು ಕಾಲುವೆಗೆ ತಿರುಗಿದ ಮೇಲೆ 1926ರ ಹೊತ್ತಿಗೆ ಕೆರೆ ಪೂರಾ ಬತ್ತಿತು. ಉಪ್ಪು ಧೂಳು ಎದ್ದು ಎದ್ದು, ಇಡೀ ಅಮೆರಿಕದಲ್ಲಿ ಇಷ್ಟು ಧೂಳೆಬ್ಬಿಸುವ ಜಾಗ ಮತ್ತೊಂದಿಲ್ಲ ಅನ್ನುವ ಹಾಗಾಯಿತು. ಈಗ ಅದೇ ಲಾಸ್ ಏಂಜಲೀಸ್ ನಗರ ಆ ಧೂಳನ್ನು ಅಡಗಿಸಲು ಇನ್ನೂರು ಕೋಟಿ ಡಾಲರ್‌ಗೂ ಮೀರಿ ಸುರಿದಿದೆ. ಕೆಲವು ಕಡೆ ತೆಳುವಾಗಿ ನೀರು ನಿಲ್ಲಿಸಿದ್ದಾರೆ, ಕೆಲವು ಕಡೆ ಜಲ್ಲಿ ಹಾಸಿದ್ದಾರೆ. ನೀರು ನಿಂತ ಕಡೆ ಹಕ್ಕಿಗಳು ಮರಳಿ ಬಂದಿವೆ. ಗಾಳಿ ಜೋರಾಗಿರುವ ದಿನ ಮಾತ್ರ ಅಲ್ಲಿ ಇಳಿಯಬೇಡಿ. ಅಪ್ಪನಿಗೆ ಕೆಮ್ಮು ಶುರುವಾಗಿ ಐದೇ ನಿಮಿಷಕ್ಕೆ ಕಾರು ಹತ್ತಿದೆವು.

ಕೌಂಟಿಯಲ್ಲಿ ಒಂದೇ ಜಾಗಕ್ಕೆ ಸಮಯ ಇದೆ ಅಂದರೆ ಮ್ಯಾನ್ಜನಾರ್‌ಗೆ ಹೋಗಿ. ಲೋನ್ ಪೈನ್‌ನಿಂದ ಉತ್ತರಕ್ಕೆ ಹತ್ತು ಮೈಲಿ, ಹೆದ್ದಾರಿಯ ಪಕ್ಕದಲ್ಲೇ, ಪ್ರವೇಶ ಉಚಿತ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಹತ್ತು ಸಾವಿರಕ್ಕೂ ಹೆಚ್ಚು ಜಪಾನೀ ಮೂಲದವರನ್ನು ಇಲ್ಲಿ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಆಗಿನ ಸಭಾಂಗಣವೇ ಈಗ ಮ್ಯೂಸಿಯಂ. ಹೊರಗೆ ಒಂದೆರಡು ಬ್ಯಾರಕ್ಕು, ಊಟದ ಮನೆ, ಕಾವಲು ಗೋಪುರ ಮತ್ತೆ ಎಬ್ಬಿಸಿದ್ದಾರೆ. ಬಾಗಿಲಿಲ್ಲದ, ಅಡ್ಡಗೋಡೆಯಿಲ್ಲದ ಸಾಲು ಕಕ್ಕಸು ನೋಡಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲೇ ಹಳೆ ಪೇರ್ ಹಣ್ಣಿನ ಮರಗಳಿವೆ. ಅವನ್ನು ನೆಟ್ಟವರು 1910ರ ಸುಮಾರಿಗೆ ಬಂದು ನೆಲೆಸಿದ್ದ ರೈತರು. ಲಾಸ್ ಏಂಜಲೀಸ್ ಜಮೀನು ಕೊಂಡ ಮೇಲೆ ಅವರು ಊರು ಬಿಟ್ಟರು. ಒಣಗುತ್ತಿದ್ದ ಮರಗಳಿಗೆ ನೀರು ಕಟ್ಟಿ ಬದುಕಿಸಿದವರು ಸೆರೆಯಲ್ಲಿದ್ದವರು. ಈ ರೈತರಿಗಿಂತ ಮೊದಲು ಕಣಿವೆ ಇಲ್ಲಿನ ಮೂಲನಿವಾಸಿಗಳಾದ ಪಯೂಟ್ ಜನರದ್ದು. ಅವರೂ ಕಾಲುವೆ ತೋಡಿ ಕಾಡುಗೆಡ್ಡೆಗಳಿಗೆ ನೀರು ಹಾಯಿಸುತ್ತಿದ್ದವರೇ. 1863ರಲ್ಲಿ ಸೈನ್ಯ ಅವರಲ್ಲಿ ಸುಮಾರು ಸಾವಿರ ಮಂದಿಯನ್ನು ಫೋರ್ಟ್ ಟೆಹೋನ್‌ವರೆಗೆ ನಡೆಸಿಕೊಂಡು ಹೋಯಿತು. ಸ್ಮಶಾನದ ಬಿಳಿ ಸ್ತಂಭದವರೆಗೂ ಕಾರಿನಲ್ಲೇ ಹೋಗಬಹುದು, ವಯಸ್ಸಾದವರಿಗೆ ತೊಂದರೆ ಇಲ್ಲ. ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ನೆರಳು ಕಡಿಮೆ, ಟೋಪಿ ಬೇಕೇ ಬೇಕು.

ಈಗ ಊಟ. ಲೋನ್ ಪೈನ್‌ನ ಹೋಟೆಲುಗಳಲ್ಲಿ ಸಸ್ಯಾಹಾರಿಗೆ ಸಿಗುವುದು ಚೀಸ್ ಸ್ಯಾಂಡ್‌ವಿಚ್, ಆಲೂ ಫ್ರೈಸ್, ಅಷ್ಟೇ. ಎರಡು ಹೊತ್ತು ಅದನ್ನೇ ತಿಂದು ಅಪ್ಪನ ಮುಖ ಸಣ್ಣಗಾಗಿತ್ತು. ಬಿಷಪ್‌ಗೆ ಹೋಗುವಾಗ ದಾರಿಬದಿಯಲ್ಲಿ ಒಂದು ಮೆಕ್ಸಿಕನ್ ಗಾಡಿ ಸಿಕ್ಕಿತು. ಬೋರ್ಡೇ ಇಲ್ಲ, ಎರಡು ಪ್ಲಾಸ್ಟಿಕ್ ಮೇಜು, ಮೇಲೆ ಒಂದು ನೀಲಿ ಟಾರ್ಪಾಲು. ಒಳಗೆ ತಾಯಿ ಮಗಳು. ಬೀನ್ಸ್‌ಗೆ ಹಂದಿಕೊಬ್ಬು ಹಾಕುತ್ತೀರಾ ಅಂತ ಕೇಳಿದೆ, ಇಲ್ಲ ಎಣ್ಣೆ ಅಂದರು. ಅನ್ನಕ್ಕೆ ಕೋಳಿ ರಸ ಹಾಕುತ್ತೇವೆ, ಬೇಡ ಬಿಡಿ ಅಂತ ತಾವಾಗಿಯೇ ಹೇಳಿದರು. ಇದು ಮುಖ್ಯ, ಮೆಕ್ಸಿಕನ್ ಊಟದಲ್ಲಿ ಈ ಎರಡನ್ನೂ ಕೇಳಿಯೇ ತಿನ್ನಿ. ನಾವು ತಿಂದದ್ದು ಬುರಿಟೊ: ಕಾವಲಿಯ ಮೇಲೆ ಸುಟ್ಟ ಟೋರ್ಟಿಯಾ ಎಂಬ ರೊಟ್ಟಿ, ಒಳಗೆ ಬಿಸಿ ಬೀನ್ಸ್, ಹುರಿದ ಈರುಳ್ಳಿ, ಡೊಣ್ಣೆಮೆಣಸಿನಕಾಯಿ, ಮೇಲೆ ಹಸಿರು ಸಾಲ್ಸಾ, ಅಂದರೆ ಅವರ ಚಟ್ನಿ. ಖಾರ ಅಂದರೆ ನಮ್ಮ ಖಾರ! ಜೊತೆಗೆ ಹುಳಿನೀರಲ್ಲಿ ನೆನೆಸಿದ ಕ್ಯಾರೆಟ್ಟು, ಹಸಿಮೆಣಸಿನಕಾಯಿ, ಅದಕ್ಕೆ ದುಡ್ಡಿಲ್ಲ. ಅಪ್ಪ ಅದನ್ನೇ ಉಪ್ಪಿನಕಾಯಿ ಅಂತ ಮೂರು ಸಲ ಹಾಕಿಸಿಕೊಂಡರು. ಒಂದು ಬುರಿಟೊ ಹತ್ತು ಡಾಲರ್ ಒಳಗೆ, ಇಬ್ಬರಿಗೆ ಆಗುತ್ತದೆ. ವಾಪಸ್ ಬರುವಾಗಲೂ ಅಲ್ಲೇ ತಿಂದೆವು, ರಾತ್ರಿಗೂ ಕಟ್ಟಿಸಿಕೊಂಡೆವು. ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಂಡಿರಿ. ಬಿಷಪ್‌ನ ಹೆಸರಾಂತ ಬೇಕರಿಯ ಕ್ಯೂ ನೋಡಿಯೇ ನಾನು ಕಾರು ತಿರುಗಿಸಿದೆ. ಬ್ರೆಡ್ಡಿಗಾಗಿ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಇರುವವರು ನಿಲ್ಲಿ.

ಲೋನ್ ಪೈನ್ ಪೇಟೆಯಲ್ಲಿ ನಿಂತು ಎಲ್ಲರೂ ಎದುರಿನ ದೊಡ್ಡ ಶಿಖರದ ಫೋಟೋ ತೆಗೆಯುತ್ತಾರೆ, ಮೌಂಟ್ ವಿಟ್ನಿ ಅಂತ. ಅದು ಲೋನ್ ಪೈನ್ ಪೀಕ್. 14,505 ಅಡಿಯ ವಿಟ್ನಿ ಅದರ ಬಲಕ್ಕೆ, ಹಿಂದೆ, ಸೂಜಿಮೊನೆಯಂಥ ಬಂಡೆಗಳ ಪಕ್ಕದಲ್ಲಿ ಗಿಡ್ಡಗೆ ಕಾಣುತ್ತದೆ. ಮುಂದಿರುವ ಅಲಬಾಮಾ ಹಿಲ್ಸ್‌ಗೆ ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಕಲ್ಲಿನ ಕಮಾನಿನ ಮುಂದೆ ಫೋಟೋಗೆ ಸಾಲು. 1939ರ ಒಂದು ಹಾಲಿವುಡ್ ಚಿತ್ರದಲ್ಲಿ ಇವೇ ಗುಡ್ಡಗಳು ಬ್ರಿಟಿಷ್ ಭಾರತದ ವಾಯವ್ಯ ಗಡಿಯಾಗಿದ್ದವು. ಪೇಟೆಯಿಂದ ಸ್ವಲ್ಪ ಉತ್ತರಕ್ಕೆ, ಹೆದ್ದಾರಿ ಬದಿಯಲ್ಲಿ, 1872ರ ಮಾರ್ಚ್ 26ರ ಭೂಕಂಪದಲ್ಲಿ ಸತ್ತವರ ಸಾಮೂಹಿಕ ಸಮಾಧಿ ಇದೆ. ಮಣ್ಣಿಟ್ಟಿಗೆಯ ಮನೆಗಳು ಕುಸಿದು ಊರಲ್ಲಿ 27 ಮಂದಿ ಸತ್ತಿದ್ದರು. ಯಾರೂ ಅಲ್ಲಿ ನಿಲ್ಲಿಸುವುದಿಲ್ಲ.

ಡೆತ್ ವ್ಯಾಲಿ ಕೂಡ ಬಹುತೇಕ ಇದೇ ಕೌಂಟಿಯಲ್ಲಿದೆ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನದು ಒಂದೇ ಮಾತು: ಟ್ಯಾಂಕ್ ತುಂಬಿಸಿಕೊಂಡು ಹೋಗಿ, ಒಳಗೆ ಪೆಟ್ರೋಲ್ ರೇಟು ಕೇಳಿದರೆ ತಲೆ ತಿರುಗುತ್ತದೆ.

ಸಮಯ ಉಳಿದರೆ ಬಿಗ್ ಪೈನ್‌ನಿಂದ 168ನೇ ರಸ್ತೆ ಹತ್ತಿ ಬ್ರಿಸ್ಟಲ್‌ಕೋನ್ ಪೈನ್ ಮರಗಳನ್ನು ನೋಡಿ. ನಾಲ್ಕು ಸಾವಿರ ವರ್ಷ ದಾಟಿದ ಮರಗಳು ಇಲ್ಲಿವೆ. ಎಲ್ಲಕ್ಕಿಂತ ಪ್ರಸಿದ್ಧವಾದ ಮೆಥುಸೆಲಾ ಯಾವುದು ಅಂತ ಬೋರ್ಡು ಹಾಕಿಲ್ಲ, ಜನ ಕಿತ್ತು ಹಾಳು ಮಾಡುತ್ತಾರೆ ಅಂತ. ಶುಲ್ಮನ್ ಗ್ರೋವ್‌ವರೆಗೆ ಡಾಂಬರು ರಸ್ತೆ. ಅಲ್ಲಿಗೆ 10,000 ಅಡಿ ಎತ್ತರ. ಬಿಪಿ ಇರುವ ಹಿರಿಯರಿದ್ದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ನಮ್ಮಮ್ಮ ನೂರು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂತುಬಿಟ್ಟರು, ನಾವು ಚಿಕ್ಕ ಸುತ್ತು ಹಾಕಿ ಬಂದೆವು. ಮೇಲೆ ಪೆಟ್ರೋಲ್ ಬಂಕ್ ಇಲ್ಲ, ನೀರು ಕೆಳಗಿನಿಂದಲೇ ಒಯ್ಯಬೇಕು. ಚಳಿಗಾಲದಲ್ಲಿ ಈ ರಸ್ತೆಯೂ ಮುಚ್ಚಿರುತ್ತದೆ. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಿಂದ ಹೊರಡುವವರಿಗೆ ಒಳ್ಳೆ ಕಾಲ ಸೆಪ್ಟೆಂಬರ್. ಟಿಯೋಗಾ ತೆರೆದಿರುತ್ತದೆ, ಶಾಲೆ ಶುರುವಾಗಿರುವುದರಿಂದ ಜನ ಕಡಿಮೆ. ಸೆಪ್ಟೆಂಬರ್‌ನ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದ ಮೇಲೆ, ಮಂಗಳವಾರ ಬುಧವಾರ ನೋಡಿ ಬುಕ್ ಮಾಡಿ.